ಗ್ರಾಹಕರಿಗೆ ಕಳಿಸುವ ಇಮೇಲ್‌ಗಳೆಲ್ಲ ಸ್ಪ್ಯಾಮ್‌ಗೆ ಬೀಳುತ್ತಿವೆ. ಮೇಲ್ ಕಳಿಸುವ ಟೂಲ್ ಬದಲಿಸಬೇಕಾ, ಪಟ್ಟಿ ಬದಲಿಸಬೇಕಾ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಚಿಕ್ಕಮಗಳೂರಿನಿಂದ ಕಾಫಿಪುಡಿ ಮಾರುವ ಆನ್‌ಲೈನ್ ಅಂಗಡಿ, ಕೈಯಲ್ಲಿ 9 ಸಾವಿರ ಇಮೇಲ್ ವಿಳಾಸ. ಕೆಲವರು ಆರ್ಡರ್ ಮಾಡಿದವರು, ಕೆಲವರು ಮೇಳದ ಸ್ಟಾಲ್‌ನಲ್ಲಿ ಲಕ್ಕಿ ಡ್ರಾ ಚೀಟಿ ಬರೆದವರು, ಉಳಿದವು ಎಲ್ಲಿಂದ ಬಂದವೋ ಈಗ ಯಾರಿಗೂ ನೆನಪಿಲ್ಲ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರೂ ಸೇರಿದ್ದಾರೆ.

ಟೂಲ್ ಬದಲಿಸಿ ಪ್ರಯೋಜನವಿಲ್ಲ, ಪಟ್ಟಿಯನ್ನು ಸರಿಮಾಡಿ. ಒಂದೊಂದು ವಿಳಾಸದ ಮುಂದೆಯೂ "ಇವರು ಯಾವಾಗ, ಎಲ್ಲಿ, ಯಾವ ಮಾತು ಓದಿ ಹ್ಞೂಂ ಅಂದರು" ಎಂದು ಬರೆಯಲು ಆಗುತ್ತದಾ ನೋಡಿ. ಆಗದಿದ್ದರೆ ಆ ವಿಳಾಸಕ್ಕೆ ಜಾಹೀರಾತು ಕಳಿಸುವ ಹಕ್ಕು ನಿಮಗಿಲ್ಲ. ಮುಂದೆ ಬರೆಯುವುದೆಲ್ಲ ಇದರಿಂದಲೇ ಹೊರಡುತ್ತದೆ.

ಮೂಲ ಗೊತ್ತಿಲ್ಲದ ವಿಳಾಸಗಳನ್ನು ಇವತ್ತೇ ತೆಗೆದುಹಾಕಿ. ಅವುಗಳಲ್ಲಿ ಸ್ಪ್ಯಾಮ್ ಟ್ರ್ಯಾಪ್‌ಗಳಿರುವ ಸಾಧ್ಯತೆ ಹೆಚ್ಚು. ಯಾರೋ ವರ್ಷಗಳ ಹಿಂದೆ ಬಿಟ್ಟುಹೋದ ಖಾತೆಯನ್ನು ಮೇಲ್ ಕಂಪನಿಗಳು ಬಲೆಯಾಗಿ ಇಟ್ಟುಕೊಂಡಿರುತ್ತವೆ. ಅದಕ್ಕೆ ಮೇಲ್ ಕಳಿಸಿದಿರೆಂದರೆ ಪಟ್ಟಿಯನ್ನು ಕೊಂಡುಕೊಂಡಿದ್ದೀರಿ ಅಥವಾ ಕಾಲಕಾಲಕ್ಕೆ ಶುಚಿ ಮಾಡಿಲ್ಲ ಎಂದು ಅವರು ತೀರ್ಮಾನಿಸುತ್ತಾರೆ. "ಒಂದು ಲಕ್ಷ ವಿಳಾಸ ಇಷ್ಟು ರೂಪಾಯಿಗೆ" ಎಂದು ಬರುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಲಕ್ಕಿ ಡ್ರಾ ಚೀಟಿ ಬರೆದವರು ಒಪ್ಪಿದ್ದು ಲಕ್ಕಿ ಡ್ರಾಗೆ ಮಾತ್ರ. "ಹೊಸ ಪುಡಿ, ರಿಯಾಯಿತಿ ಬಗ್ಗೆ ಇಮೇಲ್ ಕಳಿಸುತ್ತೇವೆ" ಎಂದು ಚೀಟಿಯಲ್ಲೇ ಅಚ್ಚಾಗಿತ್ತಾ, ಅದರ ಪಕ್ಕ ಅವರೇ ಗುರುತು ಹಾಕಿದ್ದಾರಾ ನೋಡಿ. ಹಾಕಿದ್ದರೆ ಚೀಟಿಯ ಫೋಟೊ ತೆಗೆದಿಟ್ಟುಕೊಂಡು ವಿಳಾಸ ಉಳಿಸಿಕೊಳ್ಳಿ, ಇಲ್ಲದಿದ್ದರೆ ಬಿಡಿ. "ಒಪ್ಪಿಗೆ ಕೇಳಿ ಒಂದೇ ಒಂದು ಮೇಲ್ ಹಾಕಿದರೆ ಏನು ತಪ್ಪು" ಎಂದು ಅನ್ನಿಸುವುದು ಸಹಜ. ಆದರೆ ಕೆನಡಾದ ಸ್ಪ್ಯಾಮ್ ವಿರೋಧಿ ಕಾಯ್ದೆಯ ಕಣ್ಣಲ್ಲಿ ಒಪ್ಪಿಗೆ ಕೇಳುವ ಮೇಲ್ ಕೂಡ ವಾಣಿಜ್ಯ ಮೇಲೇ. ಬ್ರಿಟನ್ನಿನಲ್ಲಿ ಫ್ಲೈಬಿ ವಿಮಾನ ಕಂಪನಿ, ಮೇಲ್ ಬೇಡವೆಂದು ಮೊದಲೇ ಹೇಳಿದ್ದ 33 ಲಕ್ಷ ಜನರಿಗೆ "ನಿಮ್ಮ ವಿವರ ಸರಿಯಿದೆಯೇ" ಎಂದು ಮೇಲ್ ಕಳಿಸಿತು. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 2017ರಲ್ಲಿ 70 ಸಾವಿರ ಪೌಂಡ್ ದಂಡ ಹಾಕಿತು.

ಇನ್ನು ಮುಂದೆ ಸೇರುವವರ ಮಾತು. ಆರ್ಡರ್ ಪುಟದಲ್ಲಿ ಒಂದು ಚೆಕ್‌ಬಾಕ್ಸ್ ಇಡಿ, ಅದು ಖಾಲಿಯೇ ಇರಬೇಕು. ಮೊದಲೇ ಟಿಕ್ ಹಾಕಿಟ್ಟರೆ ಅದು ಒಪ್ಪಿಗೆ ಅನ್ನಿಸಿಕೊಳ್ಳುವುದಿಲ್ಲ. ಯುರೋಪಿನ ನ್ಯಾಯಾಲಯ 2019ರಲ್ಲೇ ಹಾಗೆ ಹೇಳಿದೆ. ಪಕ್ಕದಲ್ಲಿ ಸರಳವಾಗಿ ಹೀಗೆ ಬರೆಯಿರಿ: "ಹೊಸ ಪುಡಿ ಬಂದಾಗ, ರಿಯಾಯಿತಿ ಇದ್ದಾಗ ನನಗೆ ಇಮೇಲ್ ಕಳಿಸಿ. ತಿಂಗಳಿಗೆ ಹೆಚ್ಚೆಂದರೆ ಎರಡು. ಬೇಡವೆನಿಸಿದ ದಿನ ನಿಲ್ಲಿಸುತ್ತೇನೆ." ಷರತ್ತುಗಳಿಗೆ ಒಪ್ಪುವ ಟಿಕ್ ಮತ್ತು ಇದು ಬೇರೆಬೇರೆ ಇರಲಿ. ಇದಕ್ಕೆ ಟಿಕ್ ಹಾಕದಿದ್ದರೂ ಆರ್ಡರ್ ಆಗಬೇಕು.

ಟಿಕ್ ಹಾಕಿದ ಮೇಲೆ ದೃಢೀಕರಣದ ಮೇಲ್ ಹೋಗಲಿ. ಅಮೆರಿಕದಲ್ಲಾಗಲಿ ಭಾರತದಲ್ಲಾಗಲಿ ಕಾನೂನು ಇದನ್ನು ಕೇಳುವುದಿಲ್ಲ, ಆದರೂ ನಾನು ಇದನ್ನು ಬಿಡಬೇಡಿ ಅನ್ನುತ್ತೇನೆ. ಅವಸರದಲ್ಲಿ ಜಿಮೇಲ್ ಸ್ಪೆಲ್ಲಿಂಗ್ ತಪ್ಪಿದವರು, ಬೇರೆಯವರ ವಿಳಾಸ ಕೊಟ್ಟವರು, ಫಾರ್ಮ್ ತುಂಬಿದ ಬಾಟ್‌ಗಳು (ಸ್ವಯಂಚಾಲಿತ ಪ್ರೋಗ್ರಾಂಗಳು), ಎಲ್ಲವೂ ಇಲ್ಲೇ ಸೋಸಿಹೋಗುತ್ತವೆ. ಆ ಮೇಲ್‌ನಲ್ಲಿ ಕೂಪನ್, ಫೋಟೊ ಏನೂ ಬೇಡ; ಎರಡು ಸಾಲು, ಒಂದು ಕೊಂಡಿ ಸಾಕು. ಇಲ್ಲೊಂದು ಸೂಕ್ಷ್ಮವಿದೆ. ಕಚೇರಿಗಳ ಮೇಲ್ ಸರ್ವರ್‌ನಲ್ಲಿರುವ ಭದ್ರತಾ ಸ್ಕ್ಯಾನರ್‌ಗಳು ಮೇಲ್‌ನಲ್ಲಿರುವ ಕೊಂಡಿಗಳನ್ನು ತಾವೇ ತೆರೆದು ನೋಡುತ್ತವೆ. ಕೊಂಡಿ ತೆರೆದ ಕೂಡಲೇ "ಒಪ್ಪಿದ್ದಾರೆ" ಎಂದು ದಾಖಲಾಗುವ ಹಾಗಿದ್ದರೆ ಮನುಷ್ಯ ನೋಡುವ ಮೊದಲೇ ಒಪ್ಪಿಗೆ ಬಿದ್ದುಬಿಡುತ್ತದೆ. ಕೊಂಡಿ ಒಂದು ಪುಟ ತೆರೆಯಲಿ, ಅಲ್ಲಿನ "ಹೌದು, ಸೇರಿಸಿ" ಗುಂಡಿ ಒತ್ತಿದಾಗ ಮಾತ್ರ ದಾಖಲಾಗಲಿ. ಏಳು ದಿನದೊಳಗೆ ಒತ್ತದವರ ವಿಳಾಸ ತಾನಾಗಿ ಅಳಿಯಲಿ.

ದಾಖಲೆಯ ಒಂದು ಸಾಲು ಹೇಗಿರಬೇಕೆಂದರೆ: ವಿಳಾಸ, ಫಾರ್ಮ್ ತುಂಬಿದ ದಿನ, ಗಂಟೆ, ನಿಮಿಷ, ಯಾವ ಪುಟ, ಐಪಿ ವಿಳಾಸ, ಆ ದಿನ ಚೆಕ್‌ಬಾಕ್ಸ್ ಪಕ್ಕ ಇದ್ದ ವಾಕ್ಯದ ಆವೃತ್ತಿ ಸಂಖ್ಯೆ, ದೃಢೀಕರಿಸಿದ ಸಮಯ, ಯಾವ ದೇಶ, ಕೊನೆಯ ಖರೀದಿ ಯಾವತ್ತು. ಆವೃತ್ತಿ ಸಂಖ್ಯೆಯನ್ನು ತುಂಬ ಜನ ಮರೆಯುತ್ತಾರೆ. ವಾಕ್ಯ ಬದಲಿಸಿದ ಮೇಲೆ, ಹಳಬರು ಯಾವ ಮಾತಿಗೆ ಒಪ್ಪಿದ್ದರು ಎಂದು ತೋರಿಸಲು ಬೇರೆ ದಾರಿಯೇ ಇರುವುದಿಲ್ಲ.

ಇದೆಲ್ಲ ಯಾಕೆಂದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಇತ್ತೆಂದು ಸಾಬೀತು ಮಾಡುವ ಹೊಣೆ ನಿಮ್ಮದು, ಗ್ರಾಹಕರದ್ದಲ್ಲ. ನಮ್ಮಲ್ಲಿ ಇಮೇಲ್ ಸ್ಪ್ಯಾಮ್‌ಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮಗಳು ಕರೆ, ಎಸ್ಸೆಮ್ಮೆಸ್‌ಗೆ ಸಂಬಂಧಿಸಿದವು. ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಕೊಡುವಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂಪಡೆಯಲು ಆಗಬೇಕು, ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದುವ ಆಯ್ಕೆ ಇರಬೇಕು ಎನ್ನುತ್ತದೆ ಕಾಯ್ದೆ. ಅಂದರೆ ಕನ್ನಡದಲ್ಲೂ. ನಿಮ್ಮ ಗ್ರಾಹಕರು ಕನ್ನಡಿಗರು, ಕನ್ನಡದ ಸೂಚನೆಯನ್ನು ಈಗಲೇ ಹಾಕಿಬಿಡಿ.

ಹೊರದೇಶದವರಿಗೆ ಕಳಿಸುವಾಗ ಅವರಿರುವ ದೇಶದ ನಿಯಮ ನೋಡಬೇಕು. ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆ ಮೊದಲೇ ಒಪ್ಪಿಗೆ ಕೇಳುವುದಿಲ್ಲ, ಆದರೆ ಪ್ರತಿ ಮೇಲ್‌ನಲ್ಲೂ ನಿಮ್ಮ ಅಂಚೆ ವಿಳಾಸ ಇರಬೇಕು, ಬೇಡವೆಂದವರನ್ನು 10 ಕೆಲಸದ ದಿನದೊಳಗೆ ಪಟ್ಟಿಯಿಂದ ಬಿಡಬೇಕು. ಕೆನಡಾ ಹೆಚ್ಚು ಬಿಗಿ. ಅಲ್ಲಿ ಸ್ಪಷ್ಟ ಒಪ್ಪಿಗೆ ಬೇಕು. ಅದಿಲ್ಲದೆ ಬರೀ ಖರೀದಿ ಮಾಡಿದವರಿಗಾದರೆ ಎರಡು ವರ್ಷ, ವಿಚಾರಿಸಿ ಸುಮ್ಮನಾದವರಿಗೆ ಆರು ತಿಂಗಳು ಮಾತ್ರ ಕಳಿಸಬಹುದು. ಮೇಲೆ ಹೇಳಿದ ದಾಖಲೆಯ ಸಾಲಿನಲ್ಲಿ ದೇಶ, ಕೊನೆಯ ಖರೀದಿ ಎರಡನ್ನೂ ಸೇರಿಸಿದ್ದು ಇದಕ್ಕೇ.

ಈಗ ಸ್ಪ್ಯಾಮ್‌ಗೆ ಬೀಳುವ ವಿಷಯ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ನಿಯಮ ಬಿಗಿ ಮಾಡಿವೆ. ಒಂದು ದಿನದಲ್ಲಿ 5 ಸಾವಿರ ಜಿಮೇಲ್ ಖಾತೆಗಳಿಗೆ ಒಮ್ಮೆ ಕಳಿಸಿದರೂ ಸಾಕು, ಗೂಗಲ್ ನಿಮ್ಮನ್ನು ಕಾಯಂ ಆಗಿ ದೊಡ್ಡ ಕಳುಹಿಸುಗರ ಸಾಲಿಗೆ ಸೇರಿಸುತ್ತದೆ. 9 ಸಾವಿರಕ್ಕೆ ಒಟ್ಟಿಗೆ ಹಾಕಿದ ದಿನವೇ ನೀವು ಆ ಸಾಲಿಗೆ ಸೇರಿರಬಹುದು. ಆಗ ಎಸ್‌ಪಿಎಫ್ (ನಿಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ), ಡಿಕಿಮ್ (ಮೇಲ್ ಮೇಲಿನ ಡಿಜಿಟಲ್ ಸಹಿ), ಡಿಮಾರ್ಕ್ (ಈ ಪರೀಕ್ಷೆಗಳಲ್ಲಿ ಸೋತ ಮೇಲ್‌ಗೆ ಏನು ಮಾಡಬೇಕೆಂಬ ಸೂಚನೆ) ಮೂರೂ ಕಡ್ಡಾಯ. ಫ್ರಮ್ ಜಾಗದಲ್ಲಿ ಜಿಮೇಲ್ ವಿಳಾಸ ಇಟ್ಟು ಟೂಲ್‌ನಿಂದ ಕಳಿಸುತ್ತಿದ್ದರೆ ಇವತ್ತೇ ನಿಲ್ಲಿಸಿ, ಸ್ವಂತ ಡೊಮೇನ್ ಬಳಸಿ. ಡಿಕಿಮ್ ಸಹಿ ಟೂಲ್ ಕಂಪನಿಯ ಹೆಸರಿನಲ್ಲಿ ಬೀಳದೆ ನಿಮ್ಮ ಡೊಮೇನ್ ಹೆಸರಿನಲ್ಲಿ ಬೀಳುವಂತೆ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರಗಳಿರುವ ಸಾರ್ವಜನಿಕ ಕೋಶ) ದಾಖಲೆ ಸೇರಿಸಿ. ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹೊಸ ಟೂಲ್ ಬಂದಾಗಲೆಲ್ಲ ಇನ್ನೊಂದು ದಾಖಲೆ ಸೇರಿಸುವವರು ಬಹಳ. ಎರಡಾದರೆ ಎರಡೂ ಕೆಟ್ಟಂತೆ. ಅದರೊಳಗಿನ ಡಿಎನ್‌ಎಸ್ ಹುಡುಕಾಟ ಹತ್ತನ್ನು ಮೀರಿದರೂ ಅದೇ ಗತಿ.

ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.1ಕ್ಕಿಂತ ಕೆಳಗಿರಬೇಕು, ಶೇ 0.3 ಮುಟ್ಟಲೇಬಾರದು. ಇನ್‌ಬಾಕ್ಸ್ ತಲುಪಿದ 6 ಸಾವಿರ ಮೇಲ್‌ಗೆ 18 ಜನ ಸ್ಪ್ಯಾಮ್ ಗುಂಡಿ ಒತ್ತಿದರೆ ಮುಟ್ಟಿದಂತೆಯೇ. ಇದನ್ನು ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಪುಕ್ಕಟೆಯಾಗಿ ನೋಡಬಹುದು. ಆದರೆ ಆ ಅಂಕಿ ಕಡಿಮೆ ಕಂಡರೆ ಹಿಗ್ಗಬೇಡಿ. ನೇರವಾಗಿ ಸ್ಪ್ಯಾಮ್ ಫೋಲ್ಡರ್‌ಗೆ ಹೋದ ಮೇಲ್ ಆ ಲೆಕ್ಕಕ್ಕೆ ಬರುವುದಿಲ್ಲ, ಎಲ್ಲವೂ ಅಲ್ಲಿಗೇ ಹೋಗುತ್ತಿದ್ದರೆ ದೂರು ಸೊನ್ನೆ ಅನ್ನುವಂತೆಯೇ ಕಾಣುತ್ತದೆ.

ಜನ ಸ್ಪ್ಯಾಮ್ ಗುಂಡಿ ಒತ್ತುವುದಕ್ಕೆ ದೊಡ್ಡ ಕಾರಣ, ಹೊರಗೆ ಹೋಗುವ ದಾರಿ ಸಿಗದಿರುವುದು. ಲಾಗಿನ್ ಆಗಿ, ಕಾರಣ ಹೇಳಿ ಎಂದೆಲ್ಲ ಕೇಳಬೇಡಿ. ಮೇಲ್‌ನ ಹೆಡರ್‌ನಲ್ಲಿ (ಓದುಗರಿಗೆ ಸಾಮಾನ್ಯವಾಗಿ ಕಾಣದ ತಲೆಭಾಗ) ಲಿಸ್ಟ್-ಅನ್‌ಸಬ್‌ಸ್ಕ್ರೈಬ್, ಲಿಸ್ಟ್-ಅನ್‌ಸಬ್‌ಸ್ಕ್ರೈಬ್-ಪೋಸ್ಟ್ ಎರಡೂ ಸಾಲು ಇರಬೇಕು, ಡಿಕಿಮ್ ಸಹಿ ಅವೆರಡನ್ನೂ ಒಳಗೊಂಡಿರಬೇಕು. ಆಗ ಕಳುಹಿಸಿದವರ ಹೆಸರಿನ ಪಕ್ಕದಲ್ಲೇ ಜಿಮೇಲ್ ಅನ್‌ಸಬ್‌ಸ್ಕ್ರೈಬ್ (ಪಟ್ಟಿಯಿಂದ ಹೊರಬರುವ) ಗುಂಡಿ ತೋರಿಸುತ್ತದೆ. ಒತ್ತಿದವರನ್ನು ಎರಡು ದಿನದೊಳಗೆ ಬಿಡಬೇಕು. ಆರ್ಡರ್ ರಸೀದಿ, ಕೊರಿಯರ್ ಮಾಹಿತಿಗಳನ್ನು ಬೇರೆ ಸಬ್‌ಡೊಮೇನ್‌ನಿಂದ ಕಳಿಸಿ, ಜಾಹೀರಾತಿನ ಕೆಟ್ಟ ಹೆಸರು ಅವಕ್ಕೆ ತಟ್ಟದಿರಲಿ.

ಬೇಡವೆಂದವರ ಸಾಲನ್ನು ಅಳಿಸಲು ಹೋಗಬೇಡಿ. ಅಳಿಸಿದರೆ ಮುಂದಿನ ತಿಂಗಳು ಯಾರಾದರೂ ಹಳೆಯ ಎಕ್ಸೆಲ್ ಫೈಲನ್ನು ಮತ್ತೆ ಅಪ್‌ಲೋಡ್ ಮಾಡಿದಾಗ ಅವರು ಹೊಸಬರಾಗಿ ವಾಪಸ್ ಬಂದು ಕೂರುತ್ತಾರೆ. "ಬೇಡ" ಪಟ್ಟಿ ಪ್ರತ್ಯೇಕವಾಗಿರಲಿ, ಪ್ರತಿ ಸಲ ಕಳಿಸುವ ಮೊದಲು ಟೂಲ್ ಅದನ್ನು ನೋಡಲಿ. ಅಂಗಡಿಯ ಸಾಫ್ಟ್‌ವೇರ್ ಬೇರೆ, ಮೇಲ್ ಟೂಲ್ ಬೇರೆ ಆಗಿದ್ದರೆ ಒಂದರಲ್ಲಿ ಬಿಟ್ಟವರು ಇನ್ನೊಂದರಲ್ಲೂ ಬಿಟ್ಟಿದ್ದಾರಾ ಎಂದು ನಿಮ್ಮದೇ ಒಂದು ವಿಳಾಸ ಹಾಕಿ ಪರೀಕ್ಷಿಸಿ. "ನನ್ನ ಮಾಹಿತಿ ಪೂರ್ತಿ ಅಳಿಸಿ" ಎಂದವರದ್ದು ವಿಳಾಸದ ಹ್ಯಾಶ್ (ವಿಳಾಸದಿಂದ ಲೆಕ್ಕಹಾಕಿದ, ನೋಡಿದರೆ ವಿಳಾಸ ತಿಳಿಯದ ಗುರುತು) ಮಾತ್ರ ಉಳಿಸಿ, ಮಿಕ್ಕಿದ್ದೆಲ್ಲ ತೆಗೆಯಿರಿ.

ಸೋಸಿ ಉಳಿದ ಪಟ್ಟಿಗೆ ಒಮ್ಮೆಲೇ ಕಳಿಸಬೇಡಿ. ಕಳೆದ ಮೂರು ತಿಂಗಳಲ್ಲಿ ಕೊಂಡು, ಟಿಕ್ ಕೂಡ ಹಾಕಿದವರಿಂದ ಶುರುಮಾಡಿ, ದಿನಕ್ಕೆ 300ರಂತೆ. ಅವರ ಮೇಲ್ ಸರ್ವರ್‌ನಿಂದ 550 ಎಂಬ ಕೋಡ್ ಬಂದು "ಅಂಥ ಬಳಕೆದಾರರಿಲ್ಲ" ಎಂದಿದ್ದರೆ ಆ ವಿಳಾಸ ಅವತ್ತೇ "ಬೇಡ" ಪಟ್ಟಿಗೆ. 4ರಿಂದ ಶುರುವಾಗುವ ಕೋಡ್ ಬಂದರೆ ತಾತ್ಕಾಲಿಕ ತಡೆ, ವೇಗ ತಗ್ಗಿಸಿ ಮರುದಿನ ನೋಡಿ. ಒಂದು ವಾರ ದೂರು ಬರದೆ, ಇನ್‌ಬಾಕ್ಸ್‌ಗೇ ತಲುಪುತ್ತಿದ್ದರೆ ಮಾತ್ರ 600ಕ್ಕೆ ಏರಿಸಿ.