ನೋಯದ ಮಂಡಿಗೆ ಸ್ಲೀವ್: ಒಂದು ಆಪ್ತಸಲಹೆ ಪ್ರಕರಣ

ಮೊದಲೇ ಹೇಳ್ಬಿಡ್ತೀನಿ, ಇದನ್ನ ಬರೆಯೋಕೆ, ನನ್ನ ಹತ್ರ ಸಲಹೆಗೆ ಬಂದಿದ್ದವರ ಒಪ್ಪಿಗೆ ಬರವಣಿಗೆಯಲ್ಲೇ ತಗೊಂಡಿದೀನಿ, ವಯಸ್ಸು ಮನೆ ಸ್ಪರ್ಧೆ ಇದರ ವಿವರಗಳನ್ನ ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಾಯಿಸಿದೀನಿ. ಹೆಸರು ಬೇಡ, ಏನಂತ ಕರೀಲಿ ಅಂತ ಅವರನ್ನೇ ಕೇಳ್ದೆ. "ಕೋಚ್ ಅಂತಾನೇ ಬರೀರಿ ಮೇಡಂ, ತಮ್ಮ ಒಬ್ಬನ್ನ ಬಿಟ್ರೆ ಎಲ್ರೂ ಹಾಗೇ ಕರೆಯೋದು" ಅಂದ್ರು. ಆಗ ನಕ್ಕು ಸುಮ್ನಾದೆ, ಆಮೇಲೆ ನೋಡಿದ್ರೆ ಅರ್ಧ ಕೇಸು ಆ ಒಂದು ಮಾತಲ್ಲೇ ಇತ್ತು.

ಮೂವತ್ತು ದಾಟಿದ ಹೆಣ್ಮಗಳು, ಪವರ್‌ಲಿಫ್ಟರ್. ಗೊತ್ತಿಲ್ಲದವರಿಗೆ: ಸ್ಕ್ವಾಟ್ (ಭಾರದ ಬಾರ್ ಹೆಗಲ ಮೇಲಿಟ್ಟು ಕೂತು ಏಳೋದು), ಬೆಂಚ್ ಪ್ರೆಸ್ (ಮಲಗಿ ಎದೆ ಮೇಲಿಂದ ಎತ್ತೋದು), ಡೆಡ್‌ಲಿಫ್ಟ್ (ನೆಲದಿಂದ ಎತ್ತಿ ನಿಲ್ಲೋದು), ಒಂದೊಂದಕ್ಕೂ ಮೂರು ಅಟೆಂಪ್ಟ್, ಇಡೀ ದಿನದಲ್ಲಿ ಒಂಬತ್ತು ಸಲ ಪ್ಲಾಟ್‌ಫಾರ್ಮ್ ಹತ್ತೋದು, ಅಷ್ಟೇ ಆಟ. ಇವರದ್ದು 69 ಕೆಜಿ ಮೈತೂಕದ ವಿಭಾಗ. ಜೊತೆಗೆ ನಾಲ್ಕು ವರ್ಷದಿಂದ ಸ್ವಂತ ಜಿಮ್, ದೊಡ್ಡದೇನಲ್ಲ, ಎರಡು ರ್‍ಯಾಕು, ಎರಡು ಬೆಂಚು, ಡೆಡ್‌ಲಿಫ್ಟ್‌ಗೆ ರಬ್ಬರ್ ಮ್ಯಾಟ್ ಹಾಕಿರೋ ಜಾಗ, ಮೆಂಬರ್ಸ್ 38 ಜನ. ಟ್ರೆಡ್‌ಮಿಲ್ ಒಂದೂ ಇಲ್ಲ ಅಂತ ಹೆಮ್ಮೆಯಿಂದ ಹೇಳಿದ್ರು. ಬೆಳಿಗ್ಗೆ 5ಕ್ಕೆ ಮೊದಲ ಬ್ಯಾಚು, ರಾತ್ರಿ 9ಕ್ಕೆ ಕೊನೇದು ಮುಗಿಯೋದು, ಮಧ್ಯದಲ್ಲಿ ಫೀಸು ಬಾಡಿಗೆ ರಿಪೇರಿ, 38 ಜನರ ಪ್ರೋಗ್ರಾಮ್ ಬರೆಯೋದು, ಬರೋ ಮೆಸೇಜ್‌ಗಳಿಗೆ ಉತ್ತರ ಹಾಕೋದು. ಶಟರ್ ತೆಗೆಯೋದು, ನೆಲ ಒರೆಸೋದು, ಪ್ಲೇಟ್‌ಗಳನ್ನ ಜಾಗಕ್ಕೆ ಹಾಕೋದು ತಮ್ಮನ ಕೆಲಸ. ಇವರನ್ನ ನನ್ನ ಹತ್ರ ಕರ್ಕೊಂಡು ಬಂದಿದ್ದೂ ಅವನೇ. "ಅಕ್ಕ ನಿದ್ದೆ ಮಾಡ್ತಿಲ್ಲ ಮೇಡಂ, ಮಾತಾಡಿಸಿದ್ರೆ ರೇಗ್ತಾಳೆ, ನೀವೊಂದು ಟೈಮ್‌ಟೇಬಲ್ ಹಾಕ್ಕೊಡಿ" ಅಂದು ಹೊರಗೆ ಹೋಗಿ ಕೂತ.

ನಾನೂ ಅದನ್ನೇ ಮಾಡ್ದೆ. ಈಗ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ ಆದ್ರೂ ಹೇಳ್ತೀನಿ, ಮೊದಲ ಸೆಷನ್ನಿನಲ್ಲಿ ದಿನದ 24 ಗಂಟೆಯನ್ನ ಹಾಳೆ ಮೇಲೆ ಬರೆಸಿ, ಜಿಮ್ಮಿಗೆ ಇಷ್ಟು ಸ್ವಂತ ಟ್ರೈನಿಂಗ್‌ಗೆ ಇಷ್ಟು ನಿದ್ದೆಗೆ ಇಷ್ಟು ಅಂತ ಗೆರೆ ಹಾಕಿಸಿ ಕಳಿಸ್ದೆ, ನೋಡೋಕೆ ಚಂದ ಇತ್ತು ಹಾಳೆ. ಒಂಬತ್ತೇ ದಿನ ನಡೀತು. ಯಾಕೆ ಅಂತ ಕೇಳಿದ್ರೆ "ಟೈಮ್ ಇತ್ತು ಮೇಡಂ, ರ್‍ಯಾಕ್ ಹತ್ರ ಹೋದ್ರೆ ಬಾರ್ ಕೆಳಗೆ ಹೋಗೋಕೆ ಮನಸ್ಸು ಬರಲ್ಲ" ಅಂದ್ರು. ಟೈಮ್ ಇದ್ದೂ ಆಗ್ತಿಲ್ಲ ಅಂದ್ಮೇಲೆ ಟೈಮ್‌ಟೇಬಲ್ ಕಟ್ಕೊಂಡು ಏನ್ ಮಾಡೋದು.

ಎರಡನೇ ಸಲ ಬಂದಾಗ ಮೈ ಕಡೆಯಿಂದ ಶುರು ಮಾಡ್ದೆ, ಕ್ರೀಡಾಪಟುಗಳ ಜೊತೆ ಮೊದಲು ಅದನ್ನೇ ಕೇಳ್ಬೇಕಿತ್ತು. ನಿದ್ದೆ ಐದು ಗಂಟೆಗಿಂತ ಕಮ್ಮಿ. ಸ್ವಂತ ವರ್ಕೌಟು ರಾತ್ರಿ ಕೊನೇ ಬ್ಯಾಚ್ ಮುಗಿದ ಮೇಲೆ, ಸುಸ್ತಾಗಿರುತ್ತಲ್ಲ ಅಂತ ಅದಕ್ಕೆ ಮುಂಚೆ ಕೆಫೀನ್ ಇರೋ ಪ್ರೀ-ವರ್ಕೌಟ್ ಪುಡಿ. ಕೆಫೀನು ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ರಾತ್ರಿ 9ಕ್ಕೆ ಕುಡಿದ್ರೆ ಎರಡು ಗಂಟೆ ರಾತ್ರೀಲೂ ಅರ್ಧ ರಕ್ತದಲ್ಲೇ ಓಡಾಡ್ತಿರುತ್ತೆ, ನಾಲ್ಕೂವರೆಗೆ ಅಲಾರಾಂ. ತೂಕದ ವಿಭಾಗದೊಳಗೆ ಇರೋಕೆ ಅಂತ ತಿಂಗಳುಗಟ್ಟಲೆ ಊಟ ಕಮ್ಮಿ ಮಾಡಿದ್ರು. ಮುಟ್ಟು ಸರಿಯಾಗಿ ಆಗ್ತಿದೆಯಾ ಅಂತ ಕೇಳಿದಾಗ "ಮೂರು ತಿಂಗಳಾಯ್ತು ಬಂದು, ಕಾಟ ತಪ್ಪಿತು ಅಂದ್ಕೊಂಡೆ" ಅಂತ ಸಲೀಸಾಗಿ ಹೇಳಿದ್ರು. ಸಲೀಸಾಗಿ ಬಿಡೋ ವಿಷಯ ಅಲ್ಲ ಅದು. ಮೈ ಖರ್ಚು ಮಾಡೋಷ್ಟು ಊಟ ಒಳಗೆ ಹೋಗದೇ ಇದ್ರೆ ಹಾರ್ಮೋನು, ಮೂಳೆ, ನಿದ್ದೆ, ಮೂಡು ಎಲ್ಲದಕ್ಕೂ ಪೆಟ್ಟು ಬೀಳುತ್ತೆ, ಇದಕ್ಕೆ 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 'ರೆಡ್ಸ್' ಅಂತ ಹೆಸರು ಕೊಟ್ಟು ಆಮೇಲೆ ಎರಡು ಸಲ ಪರಿಷ್ಕರಿಸಿದೆ, ಹೆಂಗಸರಿಗಷ್ಟೇ ಅಲ್ಲ ಗಂಡಸರಿಗೂ ಆಗುತ್ತೆ. ಅದನ್ನ ಗುರುತಿಸೋದು ಡಾಕ್ಟರ ಕೆಲಸ. ಹಾಗಾಗಿ ನನ್ನ ಮೊದಲ ನಿಜವಾದ ಸಲಹೆ: ಈ ವಾರವೇ ಡಾಕ್ಟರ್ ಹತ್ರ ಹೋಗಿ, ರಿಪೋರ್ಟ್ ಬರೋವರೆಗೂ ತೂಕ ಇಳಿಸೋ ಮಾತೇ ಬೇಡ. ಖಿನ್ನತೆ ಅಳೆಯೋ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಕೂಡ ತುಂಬಿಸ್ದೆ, 27ಕ್ಕೆ 11 ಬಂತು, ಮಧ್ಯಮ ಮಟ್ಟ. ಸಾಯೋ ಯೋಚನೆ ಬಗ್ಗೆ ಇರೋ ಕೊನೇ ಪ್ರಶ್ನೆಗೆ ಸೊನ್ನೆ ಹಾಕಿದ್ರು, ಅದನ್ನ ಬಾಯಲ್ಲೂ ಬಿಡಿಸಿ ಕೇಳಿ ಖಾತ್ರಿ ಮಾಡ್ಕೊಂಡೆ.

ಮೂರನೇ ಸೆಷನ್ನಿಗೆ ಬಂದಾಗ ಬಲ ಮಂಡಿಗೆ ಸ್ಲೀವ್, ಅಂದ್ರೆ ಮಂಡಿಗೆ ಹಾಕೋ ಬಿಗಿ ಕವಚ, ಹಾಕ್ಕೊಂಡಿದ್ರು, ಸ್ವಲ್ಪ ಕುಂಟ್ತಾ ಇದ್ರು. ಏನಾಯ್ತು ಅಂದೆ. ಒಂದೆರಡು ನಿಮಿಷ ಏನೂ ಹೇಳಲಿಲ್ಲ, ಆಮೇಲೆ "ಏನೂ ಆಗಿಲ್ಲ ಮೇಡಂ, ಅದೇ ತೊಂದ್ರೆ" ಅಂತ ಶುರು ಮಾಡಿದ್ರು.

ನಡೆದಿದ್ದು ಇಷ್ಟು. ನನ್ನ ಹತ್ರ ಬರೋಕೆ ಆರು ವಾರ ಮುಂಚೆ ಒಂದು ಮೀಟ್, ಅಂದ್ರೆ ಸ್ಪರ್ಧೆ, ಇತ್ತು. ಇವರ ಜಿಮ್ಮಿನ ಎಂಟು ಹತ್ತು ಜನ ನೋಡೋಕೆ ಬಂದಿದ್ರು, ಒಂದೇ ಥರದ ಟೀ ಶರ್ಟ್ ಹಾಕ್ಕೊಂಡು. ಓಪನರ್ ಅಂದ್ರೆ ಮೊದಲ ಅಟೆಂಪ್ಟು, ಎಷ್ಟೇ ಕೆಟ್ಟ ದಿನ ಆದ್ರೂ ಮೂರು ಸಲ ಎತ್ತಬಲ್ಲೆ ಅನ್ನೋ ತೂಕ ಹಾಕ್ಬೇಕು ಅಂತ ಮೆಂಬರ್‌ಗಳಿಗೆ ಇವರೇ ಪಾಠ ಮಾಡ್ತಾರೆ, ಯಾಕಂದ್ರೆ ಒಂದ್ಸಲ ತೂಕ ಹೇಳಿ ಫೇಲ್ ಆದ್ರೆ ಮುಂದಿನ ಅಟೆಂಪ್ಟಲ್ಲಿ ಅದೇ ತೂಕ ಅಥವಾ ಜಾಸ್ತಿ, ಇಳಿಸೋ ಹಾಗಿಲ್ಲ. ಆವತ್ತು ತಾವೇ ಅಂದ್ಕೊಂಡಿದ್ದಕ್ಕಿಂತ ಹತ್ತು ಕೆಜಿ ಜಾಸ್ತಿ ಹಾಕಿಸಿದ್ರು. ಯಾಕೆ ಅಂದ್ರೆ ಅವರೆಲ್ಲ ನೋಡ್ತಿದ್ರು, ಅಷ್ಟೇ. ಸ್ಕ್ವಾಟಲ್ಲಿ ತೊಡೆಸಂದು ಮಂಡಿಯ ಮೇಲ್ಭಾಗಕ್ಕಿಂತ ಕೆಳಗೆ ಇಳೀಬೇಕು, ಇದಕ್ಕೇ ಡೆಪ್ತ್ ಅನ್ನೋದು, ಮೂವರು ರೆಫರಿಗಳಲ್ಲಿ ಇಬ್ಬರಾದ್ರೂ ಬಿಳಿ ಲೈಟ್ ಕೊಡ್ಬೇಕು. ಮೂರು ಸಲವೂ ಕೆಂಪು. ಮೂರೂ ಹೋದ್ರೆ ಟೋಟಲ್ (ಮೂರೂ ಲಿಫ್ಟ್ ಸೇರಿದ ಮೊತ್ತ) ಇಲ್ಲ, ಆ ದಿನದ ಲೆಕ್ಕಕ್ಕೆ ನೀವು ಬಂದೇ ಇಲ್ಲ, ಇದಕ್ಕೆ ಅವರ ಭಾಷೇಲಿ ಬಾಂಬ್ ಔಟ್ ಅಂತಾರೆ.

ಕೆಳಗೆ ಇಳಿದು ಬಂದಾಗ ಒಬ್ಬಳು ಮೆಂಬರ್ ಓಡಿ ಬಂದು "ಏನಾಯ್ತು ಕೋಚ್" ಅಂದಳಂತೆ, ಇವರ ಬಾಯಲ್ಲಿ "ಮಂಡಿ ಹಿಡ್ಕೊಂಡ್ತು" ಅಂತ ಬಂದ್ಬಿಡ್ತು. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಆದ್ರೆ ಮಾರನೇ ದಿನ ಬೆಳಿಗ್ಗೆ 5ಕ್ಕೆ ಜಿಮ್ಮಲ್ಲಿ ನಿಂತಾಗ ಎಲ್ರೂ ಮಂಡಿ ಹೇಗಿದೆ ಅಂತ ಕೇಳೋಕೆ ಶುರು ಮಾಡಿದ್ರು, ಹಾಗಾಗಿ ಸ್ಲೀವ್ ಹಾಕ್ಕೊಂಡ್ರು, ಸ್ಲೀವ್ ಹಾಕಿದ್ಮೇಲೆ ಸ್ವಲ್ಪ ಕುಂಟಬೇಕಾಯ್ತು, ಕುಂಟೋವಾಗ ಭಾರದ ಸ್ಕ್ವಾಟ್ ಮಾಡೋ ಹಾಗಿಲ್ವಲ್ಲ, ಅದಕ್ಕೆ ಟ್ರೈನಿಂಗ್ ನಿಂತು ಹೋಯ್ತು, ರಾತ್ರಿ ಎಲ್ರೂ ಹೋದ್ಮೇಲೆ ಶಟರ್ ಎಳ್ಕೊಂಡು ಕದ್ದು ಮಾಡೋ ಹಾಗಾಯ್ತು. ಸ್ವಂತ ಜಿಮ್ಮಲ್ಲಿ, ಕಳ್ಳರ ಥರ. "ಈಗೀಗ ನಿಜವಾಗ್ಲೂ ನೋಯ್ತಿದೆ ಮೇಡಂ" ಅಂದು ನಕ್ಕರು, ನಗ್ತಾನೇ ಅತ್ತರು. (ಫಿಸಿಯೋ ಹತ್ರ ಕಳಿಸ್ದೆ. ಗಾಯ ಏನೂ ಇರಲಿಲ್ಲ, ಆದ್ರೆ ನೋವು ಸುಳ್ಳು ಅಂತ ಅದರರ್ಥ ಅಲ್ಲ, ಇಷ್ಟು ವಾರ ಒಂದೇ ಕಾಲಿಗೆ ಭಾರ ಬಿಟ್ಟು ನಡೆದ್ರೆ ಯಾರಿಗಾದ್ರೂ ಎಲ್ಲೋ ಒಂದ್ಕಡೆ ಹಿಡಿಯುತ್ತೆ.)

1993ರಲ್ಲಿ ಬ್ರೂವರ್, ವಾನ್ ರಾಲ್ಟೆ, ಲಿಂಡರ್ ಅಂತ ಮೂವರು ಮನಶ್ಶಾಸ್ತ್ರಜ್ಞರು ಈ 'ನಾನು ಕ್ರೀಡಾಪಟು' ಅನ್ನೋ ಗುರುತು ಹರ್ಕ್ಯುಲಿಸನ ಸ್ನಾಯುವೋ ಅಕಿಲಿಸನ ಹಿಮ್ಮಡಿಯೋ ಅಂತ ಕೇಳಿದ್ರು, ಅಂದ್ರೆ ಅದೇ ಬಲ ಅದೇ ದೌರ್ಬಲ್ಯ. ಸಾಮಾನ್ಯ ಲಿಫ್ಟರ್ ಸೋತ್ರೆ ಜಿಮ್ಮಿಗೆ ಬಂದು ನಾಲ್ಕು ಜನರ ಹತ್ರ ಗೋಳು ಹೇಳ್ಕೊಳ್ತಾರೆ, ಕೋಚ್ ಹತ್ರ ಬೈಸ್ಕೊಳ್ತಾರೆ, ವಾರ ರಜೆ ಹಾಕ್ತಾರೆ. ಇವರಿಗೆ ಆ ಜಿಮ್ಮೇ ದುಡಿಮೆ. ಗೋಳು ಹೇಳ್ಕೋಬೇಕಾದ ಜಾಗದಲ್ಲಿ ಇವರೇ ಕೋಚು. ಬೈಯೋ ಕೋಚೂ ಇಲ್ಲ, ಯಾಕಂದ್ರೆ ಇವರ ಪ್ರೋಗ್ರಾಮ್ ಇವರೇ ಬರ್ಕೊಳ್ಳೋದು, ಮೂಡ್ ಕೆಟ್ರೆ ಸೆಟ್ ನಡುವೆನೇ ಬದಲಾಯಿಸೋದು. 38 ಜನರಿಗೆ ಕೊಡೋ ತಾಳ್ಮೆ ತಮಗೊಬ್ಬರಿಗೆ ಇಲ್ಲ.

ಇಲ್ಲಿಂದ ಸಲಹೆ. ಸ್ಕ್ವಾಟ್ ಬಗ್ಗೆ ನಾನೇನೂ ಹೇಳಲಿಲ್ಲ, ನೆಲದ ಮೇಲೆ ಕೂತ್ರೆ ಏಳೋಕೆ ನನಗೇ ಗೋಡೆ ಬೇಕು.

ಮೊದಲನೇದು ಟ್ರೈನಿಂಗ್ ಜಾಗ. ಮೆಂಬರ್‌ಗಳಿರೋವಾಗ ಮಾಡಿದ್ರೆ ಎರಡು ಸೆಟ್ ಮಧ್ಯದ ಮೂರ್ನಾಲ್ಕು ನಿಮಿಷವೂ "ಕೋಚ್ ನನ್ ಫಾರ್ಮ್ ನೋಡಿ" ಅನ್ನೋದಕ್ಕೇ ಹೋಗುತ್ತೆ, ಅದು ಟ್ರೈನಿಂಗ್ ಅಲ್ಲ ಡ್ಯೂಟಿ. ರಾತ್ರಿ ಕದ್ದು ಮಾಡೋದಂತೂ ನಿಲ್ಲಬೇಕು. ವಾರಕ್ಕೆ ಮೂರು ಮಧ್ಯಾಹ್ನ ಜಿಮ್ ಬಾಗಿಲು ಹಾಕಿ, ಬಾಗಿಲ ಮೇಲೆ ಸರಿಯಾಗಿ ಬರೆದೇ ಹಾಕಿ, ಫೋನ್ ತಮ್ಮನ ಕೈಗೆ ಕೊಡಿ ಅಂದೆ. ವಾರಕ್ಕೆ ಒಂದು ದಿನ ಬೇರೆಯವರ ಜಿಮ್ಮಿಗೆ ಹೋಗಿ, ಅಲ್ಲಿ ನೀವು ಯಾರೋ ಒಬ್ಬ ಮೆಂಬರು, ಪ್ಲೇಟ್ ಎತ್ತಿಡದಿದ್ರೆ ಬೈಸ್ಕೊಳ್ಳೋರು. ಇದು ಮಾತ್ರ ಅವರಿಗೆ ತುಂಬಾ ಹಿಡಿಸ್ತು. ಎರಡನೇದು, ಇವರ ಪ್ರೋಗ್ರಾಮನ್ನ ಬೇರೆಯವರು ಬರೀಬೇಕು. ಹಳೇ ಟ್ರೈನಿಂಗ್ ಜೊತೆಗಾತಿ ಒಬ್ಬರಿದ್ರು, ಈಗ ಅವರೂ ಕೋಚಿಂಗ್ ಮಾಡ್ತಾರೆ, ಅವರನ್ನ ಕೇಳೋಕೆ ಸಂಕೋಚ ಬಿಡೋದಕ್ಕೇ ಎರಡು ವಾರ ಹಿಡೀತು.

ಬ್ಯಾಚುಗಳಲ್ಲಿ ಒಂದನ್ನ ಬಿಡಿ ಅಂದಾಗ ಮಾತ್ರ ಜಗಳಕ್ಕೇ ಬಂದ್ರು. "ಬಾಡಿಗೆ ನೀವು ಕಟ್ತೀರಾ" ಅಂದ್ರು, ಅದು ನ್ಯಾಯವಾದ ಪ್ರಶ್ನೆ. ಸಲಹೆ ಕೊಡೋರಿಗೆ ಇನ್ನೊಬ್ಬರ ಬ್ಯಾಚು ಕಡಿಮೆ ಮಾಡೋದು ಸುಲಭ. ಕೊನೆಗೆ ಬ್ಯಾಚ್ ಬಿಡಲಿಲ್ಲ, ರಾತ್ರಿಯ ಕೊನೇ ಬ್ಯಾಚ್‌ನ ಎರಡು ದಿನಾನ ತಮ್ಮ ನೋಡ್ಕೊಳ್ಳೋದು ಅಂತ ಆಯ್ತು, ಅವನಿಗೆ ಹೇಳ್ಕೊಡೋಕೆ ಬರುತ್ತೆ, ಇವರು ಬಿಟ್ಟಿರಲಿಲ್ಲ ಅಷ್ಟೇ. ಕೆಫೀನ್ ಮಧ್ಯಾಹ್ನ 2ರ ಮೇಲೆ ಇಲ್ಲ.

ಇನ್ನು ಮಂಡಿ. ನಿಜ ಹೇಳಿ ಅಂತ ನಾನು ಒತ್ತಾಯ ಮಾಡಲಿಲ್ಲ, ಹೇಳಿದ್ರೆ ಏನಾಗುತ್ತೆ ಅನ್ಕೊಂಡಿದೀರಿ ಅಂತ ಬರೆಸ್ದೆ. "ಹತ್ತು ಜನ ಬಿಟ್ಟು ಹೋಗ್ತಾರೆ, ತನಗೇ ಡೆಪ್ತ್ ಸಿಗದವಳು ನಮಗೇನು ಕಲಿಸ್ತಾಳೆ ಅಂತಾರೆ" ಅಂತ ಬರೆದ್ರು. ಮೆಂಬರ್‌ಗಳು ಸೇರೋವಾಗ ತುಂಬಿದ ಫಾರಂ ಇದ್ಯಲ್ಲ, ಅದರಲ್ಲಿ ಯಾಕೆ ಸೇರ್ತಿದೀರಿ ಅನ್ನೋ ಕಾಲಂ ನೋಡ್ಕೊಂಡು ಬನ್ನಿ ಅಂದೆ. ಸ್ಪರ್ಧೆ ಅಂತ ಬರೆದಿದ್ದವರು ನಾಲ್ಕೇ ಜನ. ಉಳಿದವರೆಲ್ಲ ಸೊಂಟ ನೋವು, ಹೆರಿಗೆ ಆದ್ಮೇಲೆ ಶಕ್ತಿ ಬೇಕು, ಡಾಕ್ಟರ್ ಹೇಳಿದ್ರು, ಒಬ್ಬರು 'ಮನೆ ಹತ್ರ' ಅಂತ. "ಮೆಡಲ್ ನೋಡಿ ಬಂದೆ ಅಂತ ಒಬ್ಬರೂ ಬರೆದಿಲ್ಲ ಮೇಡಂ" ಅಂದಾಗ ಅವರ ದನಿಯಲ್ಲಿ ಸಮಾಧಾನಕ್ಕಿಂತ ಬೇಜಾರೇ ಜಾಸ್ತಿ ಇತ್ತು, ಅದನ್ನೂ ಮಾತಾಡಿದ್ವಿ, ಆ ಇಡೀ ಸೆಷನ್ ಅದಕ್ಕೇ ಹೋಯ್ತು.

ಏನು ಹೇಳ್ಬೇಕು ಅನ್ನೋದನ್ನ ನನ್ನ ಮುಂದೆ ಪ್ರಾಕ್ಟೀಸ್ ಮಾಡಿದ್ರು. ಮೊದಲ ಸಲ ಹತ್ತು ನಿಮಿಷದ ಭಾಷಣ, ಅರ್ಧ ಕ್ಷಮಾಪಣೆ ಅರ್ಧ ಸಮರ್ಥನೆ. ಕತ್ತರಿಸಿ ಕತ್ತರಿಸಿ ಮೂರು ವಾಕ್ಯಕ್ಕೆ ತಂದ್ವಿ: ಮಂಡಿಗೆ ಏನೂ ಆಗಿರಲಿಲ್ಲ, ಓಪನರ್ ಜಾಸ್ತಿ ಹಾಕ್ದೆ, ಡೆಪ್ತ್ ಸಿಗಲಿಲ್ಲ. ಎಲ್ರನ್ನೂ ಸೇರಿಸಿ ಮೀಟಿಂಗ್ ಮಾಡೋದು ಬೇಡ, ಯಾರಾದ್ರೂ ಮಂಡಿ ಬಗ್ಗೆ ಕೇಳಿದಾಗ ಹೇಳಿ ಸಾಕು ಅಂದೆ.

ಮುಂದಿನ ವಾರ ಬಂದವರು ಕೂರೋಕೆ ಮುಂಚೆನೇ ಹೇಳೋಕೆ ಶುರು ಮಾಡಿದ್ರು. ಆವತ್ತು ಓಡಿ ಬಂದಿದ್ದಳಲ್ಲ, ಅದೇ ಹುಡುಗಿ ಕೇಳಿದ್ದು. ಇವರು ಮೂರೂ ವಾಕ್ಯ ಒಂದೇ ಉಸಿರಲ್ಲಿ ಹೇಳಿ ಮುಗಿಸಿದ್ರೆ ಆಕೆ ಚಾಕ್ ಪುಡಿ ಕೈಗೆ ಉಜ್ಜಿಕೊಳ್ತಾ "ಗೊತ್ತು ಕೋಚ್, ಲೈಟ್ ಆದ್ಮೇಲೆ ರೆಫರಿ ಕೆಂಪು ಕಾರ್ಡ್ ಎತ್ತಿದ್ರಲ್ಲ, ಸ್ಕ್ವಾಟಲ್ಲಿ ಕೆಂಪು ಕಾರ್ಡ್ ಅಂದ್ರೆ ಡೆಪ್ತ್ ಅಂತ ನೀವೇ ಹೇಳ್ಕೊಟ್ಟಿದ್ದು" ಅಂದಳಂತೆ. ಟೀ ಶರ್ಟ್ ಹಾಕ್ಕೊಂಡು ಬಂದಿದ್ದ ಎಲ್ರಿಗೂ ಗೊತ್ತಿತ್ತು. ಎರಡೂವರೆ ತಿಂಗಳು ಮಂಡಿ ಹೇಗಿದೆ ಅಂತ ಕೇಳಿದ್ದು ಇವರ ಮರ್ಯಾದೆ ಉಳಿಸೋಕೆ. "ಎಲ್ರೂ ಸೇರಿ ನನ್ನ ಜೊತೆ ನಾಟಕ ಮಾಡ್ತಿದ್ರು ಮೇಡಂ, ನಾನು ಅವರ ಮುಂದೆ ಕುಂಟ್ತಿದ್ದೆ" ಅಂತ ತುಂಬಾ ಹೊತ್ತು ನಕ್ಕರು, ಈ ಸಲ ಅಳಲಿಲ್ಲ.

ಎಲ್ಲ ಹಾಗೇ ಚಂದ ಆಗಲಿಲ್ಲ. ಸ್ಪರ್ಧೆಗೆ ಅಂತ ಬರ್ತಿದ್ದ ನಾಲ್ವರಲ್ಲಿ ಒಬ್ಬ ಹುಡುಗ ಸುಳ್ಳು ಹೇಳಿದ್ದಕ್ಕೆ ಬೇಸರ ಮಾಡ್ಕೊಂಡು ಬಿಟ್ಟು ಹೋದ. ಅವನಿಗೆ ಫೋನ್ ಮಾಡಿ ಸಾರಿ ಕೇಳಿದ್ರು, ವಾಪಸ್ ಬಾ ಅಂತ ಕರೀಲಿಲ್ಲ, ಅದು ಸರಿ ಅಂತ ನನಗೂ ಅನ್ನಿಸ್ತು.

ಡಾಕ್ಟರ್ ಹೇಳಿದ ಹಾಗೆ ಊಟ ಜಾಸ್ತಿ ಮಾಡಿದ್ರು, ಎರಡು ತಿಂಗಳ ಮೇಲೆ ಮುಟ್ಟು ವಾಪಸ್ ಬಂತು, ತೂಕ 72 ದಾಟಿದೆ. ಮುಂದಿನ ಮೀಟಲ್ಲಿ 76 ಕೆಜಿ ವಿಭಾಗಕ್ಕೆ ಹೋಗೋದಾ ಅನ್ನೋದನ್ನ ಡಾಕ್ಟರು, ಹೊಸ ಕೋಚು ಮತ್ತೆ ಅವರು ಸೇರಿ ನೋಡ್ತಿದಾರೆ, ಈ ಸೀಸನ್ ಅಂತೂ ಬಿಟ್ಟಿದಾರೆ. ಪಿಎಚ್‌ಕ್ಯೂ-9 ನಾಲ್ಕಕ್ಕೆ ಇಳಿದಿದೆ. ನಿದ್ದೆ ಆರೂವರೆ ಗಂಟೆ, ಏಳು ಆಗಿಲ್ಲ, ರಾತ್ರಿ ಹತ್ತೂವರೆಗೂ ಮೆಸೇಜ್‌ಗೆ ಉತ್ತರ ಹಾಕ್ತಾರೆ ಅಂತ ತಮ್ಮ ಚಾಡಿ ಹೇಳ್ದ. ಕೊನೇ ಸೆಷನ್ನಿನಲ್ಲಿ, ಮುಂದೆ ಯಾವಾಗ ಮೀಟ್‌ಗೆ ಹೋದ್ರೂ ಓಪನರ್ ಎಷ್ಟು ಅಂತ ಆ ಜೊತೆಗಾತಿಯೇ ಬರೆದು ಕೊಡಲಿ, ನಾನು ಪೆನ್ ಮುಟ್ಟಲ್ಲ ಅಂದ್ರು. ಟೀ ಶರ್ಟ್ ತಂಡ ನೋಡೋಕೆ ಬರಬಹುದಾ ಅಂತ ಕೇಳ್ದೆ. ಸ್ವಲ್ಪ ಯೋಚನೆ ಮಾಡಿ "ಬರ್ಲಿ, ಆದ್ರೆ ಸ್ಕ್ವಾಟ್ ಮುಗಿದ್ಮೇಲೆ" ಅಂದ್ರು.