ಹಗಲು ತೆರೆಯುವ ಫೋಲ್ಡರ್ ರಾತ್ರಿಯ ಬ್ಯಾಕಪ್‌ಗೆ ಏಕೆ ಸಿಗುವುದಿಲ್ಲ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ದಾವಣಗೆರೆಯ ಮಂಡಿಪೇಟೆಯಲ್ಲಿರುವ ನಿಮ್ಮ ಲೆಕ್ಕಪತ್ರದ ಕಚೇರಿಯಲ್ಲಿ ವಿಂಡೋಸ್ 11 ಕಂಪ್ಯೂಟರ್‌ನಿಂದ ನ್ಯಾಸ್ ಪೆಟ್ಟಿಗೆಗೆ (ನೆಟ್‌ವರ್ಕ್‌ಗೆ ಜೋಡಿಸಿದ ಸಂಗ್ರಹ ಸಾಧನ) ಪ್ರತಿ ರಾತ್ರಿ ಹತ್ತು ಗಂಟೆಗೆ ಹೋಗುತ್ತಿದ್ದ ಬ್ಯಾಕಪ್ ಮೂರು ವಾರಗಳಿಂದ ವಿಫಲವಾಗುತ್ತಿದೆ. ಹಗಲಿನಲ್ಲಿ ಅದೇ ನ್ಯಾಸ್‌ನ ಝಡ್ ಡ್ರೈವ್ ತೆರೆಯುತ್ತದೆ, ಫೈಲುಗಳೂ ಕಾಪಿಯಾಗುತ್ತವೆ. ಬ್ಯಾಕಪ್ ಸಾಫ್ಟ್‌ವೇರ್ ಕೆಟ್ಟಿರಬೇಕೆಂದು ಅದನ್ನು ತೆಗೆದು ಮತ್ತೆ ಹಾಕಿದರೂ ಫಲ ಸಿಕ್ಕಿಲ್ಲ.

ಕಾರಣ ಹುಡುಕುವ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಕಚೇರಿಯ ಎಲ್ಲ ಕಂಪ್ಯೂಟರ್‌ಗಳಲ್ಲೂ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯನ್ನು ಮುಚ್ಚಿ, ಅದರ ಡೇಟಾ ಫೋಲ್ಡರನ್ನು ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್‌ಗೆ ಕೈಯಾರೆ ಕಾಪಿ ಮಾಡಿ ಮನೆಗೆ ಕೊಂಡೊಯ್ಯಿರಿ. ಮೂರು ವಾರಗಳ ನಮೂದುಗಳು ಒಂದೇ ಡಿಸ್ಕಿನ ಮೇಲೆ ನಿಂತಿವೆ ಎನ್ನುವುದೇ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸಿದ ಸಂಗತಿ.

ದಾವಣಗೆರೆ ಮತ್ತು ಚಿತ್ರದುರ್ಗದ ಸಣ್ಣ ಕಚೇರಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ‘ಹಗಲು ತೆರೆಯುತ್ತದೆ, ರಾತ್ರಿ ಆಗುವುದಿಲ್ಲ’ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ರಾತ್ರಿ ಆ ಬಾಗಿಲು ತಟ್ಟುತ್ತಿರುವವರು ಯಾರು ಎಂಬುದನ್ನು. ಹಗಲಿನಲ್ಲಿ ಝಡ್ ಡ್ರೈವ್ ತೆರೆಯುವವರು ಲಾಗಿನ್ ಆಗಿರುವ ನೀವು. ರಾತ್ರಿ ನಿಗದಿಯಾದ ಕೆಲಸ ಬಹಳ ಸಲ ನಿಮ್ಮ ಹೆಸರಿನಲ್ಲಿ ನಡೆಯದೆ ವಿಂಡೋಸ್‌ನ ಸಿಸ್ಟಮ್ ಖಾತೆಯಲ್ಲಿ, ಇಲ್ಲವೇ ಬೇರೊಂದು ಲಾಗಿನ್ ಅವಧಿಯಲ್ಲಿ ನಡೆಯುತ್ತದೆ. ಮ್ಯಾಪ್ ಮಾಡಿದ, ಅಂದರೆ ನೆಟ್‌ವರ್ಕ್ ಫೋಲ್ಡರ್‌ಗೆ ಹೆಸರಾಗಿ ಕೊಟ್ಟ, ಡ್ರೈವ್ ಅಕ್ಷರವು ಇಡೀ ಕಂಪ್ಯೂಟರ್‌ಗೆ ಸೇರಿದ್ದಲ್ಲ, ಅದನ್ನು ಮ್ಯಾಪ್ ಮಾಡಿದ ಲಾಗಿನ್ ಅವಧಿಗೆ ಮಾತ್ರ ಸೇರಿದ್ದು. ಹಾಗಾಗಿ ನಿಮ್ಮ ಕಣ್ಣೆದುರು ಇರುವ ಝಡ್ ಡ್ರೈವ್ ಆ ಕೆಲಸದ ಪಾಲಿಗೆ ಇಲ್ಲವೇ ಇಲ್ಲ. ನೀವು ಉಳಿಸಿಟ್ಟ ನ್ಯಾಸ್ ಪಾಸ್‌ವರ್ಡ್ ಕೂಡ ನಿಮ್ಮ ಖಾತೆಯ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿರುತ್ತದೆಯೇ ಹೊರತು ಸಿಸ್ಟಮ್ ಖಾತೆಗೆ ಸಿಗುವುದಿಲ್ಲ. ಸಾಫ್ಟ್‌ವೇರನ್ನು ಮರುಸ್ಥಾಪಿಸಿದಾಗ ಕೆಲಸ ನಡೆಯುವ ಖಾತೆ ಬದಲಾಗಿರುವ ಸಾಧ್ಯತೆಯೂ ಇರುವುದರಿಂದ, ಮೊದಲು ಇದ್ದ ದೋಷದ ಮೇಲೆ ಇನ್ನೊಂದು ಸೇರಿಕೊಂಡಿರಬಹುದು.

ಆದ್ದರಿಂದ ಬ್ಯಾಕಪ್‌ನ ಗುರಿಯಲ್ಲಿ ಝಡ್ ಡ್ರೈವ್ ತೆಗೆದು, \\192.168.1.50\ಬ್ಯಾಕಪ್ ಎಂಬ ರೀತಿಯಲ್ಲಿ ಪೂರ್ತಿ ನೆಟ್‌ವರ್ಕ್ ದಾರಿಯನ್ನು ಬರೆಯಿರಿ. ಸಂಖ್ಯೆಯೂ (ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಸಾಧನದ ವಿಳಾಸ) ಫೋಲ್ಡರ್ ಹೆಸರೂ ನಿಮ್ಮ ನ್ಯಾಸ್‌ನದ್ದಾಗಿರಲಿ. ನ್ಯಾಸ್‌ನಲ್ಲಿ ಬ್ಯಾಕಪ್‌ಗೆಂದೇ ಒಂದು ಪ್ರತ್ಯೇಕ ಬಳಕೆದಾರ ಖಾತೆ ತೆರೆದು, ಆ ಫೋಲ್ಡರ್‌ಗೆ ಬರೆಯುವ ಅನುಮತಿಯನ್ನು ಅದಕ್ಕೆ ಮಾತ್ರ ಕೊಟ್ಟು, ಅದರ ಹೆಸರು ಮತ್ತು ಪಾಸ್‌ವರ್ಡನ್ನು ಬ್ಯಾಕಪ್ ಸಾಫ್ಟ್‌ವೇರ್‌ನೊಳಗೇ ನಮೂದಿಸಿ. ಇದರಿಂದ ಇನ್ನೊಂದು ಲಾಭವಿದೆ. ಯಾರೋ ಒಂದು ಕೆಟ್ಟ ಇಮೇಲ್ ತೆರೆದು ಕಂಪ್ಯೂಟರ್‌ಗೆ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಹೊಕ್ಕರೆ, ಸದಾ ತೆರೆದಿರುವ ಝಡ್ ಡ್ರೈವ್‌ನ ಮೂಲಕ ಅದು ಬ್ಯಾಕಪ್‌ಗಳನ್ನೂ ಗೂಢಲಿಪಿಗೆ ತಿರುಗಿಸಿಬಿಡಬಲ್ಲದು. ದಿನಬಳಕೆಯ ಖಾತೆಗೆ ಅಲ್ಲಿ ಬರೆಯುವ ಹಕ್ಕೇ ಇಲ್ಲದಿದ್ದರೆ ಆ ದಾರಿ ಮುಚ್ಚುತ್ತದೆ.

ಬ್ಯಾಕಪ್ ಸಾಫ್ಟ್‌ವೇರ್ ಬರೆದಿಡುವ ದಾಖಲೆಯಾದ ಲಾಗ್‌ನಲ್ಲಿ ಕಾಣುವ ದೋಷಸಂಖ್ಯೆಯನ್ನು ದಯವಿಟ್ಟು ಓದಿ. 53 ಎಂದಿದ್ದರೆ ನೆಟ್‌ವರ್ಕ್ ದಾರಿಯೇ ಸಿಗಲಿಲ್ಲ, 1326 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು, 5 ಎಂದರೆ ಅನುಮತಿ ಇಲ್ಲ, 112 ಎಂದರೆ ಡಿಸ್ಕ್ ತುಂಬಿದೆ. 1272 ಬಂದಿದ್ದರೆ ಪಾಸ್‌ವರ್ಡಿಲ್ಲದ ಗೆಸ್ಟ್ ಪ್ರವೇಶವನ್ನು ವಿಂಡೋಸ್ ತಡೆದಿದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈ ನಿಯಮ ಬಿಗಿಯಾಗಿರುವುದರಿಂದ, ಎಷ್ಟೋ ಹಳೆಯ ನ್ಯಾಸ್‌ಗಳು ಆ ಅಪ್‌ಡೇಟ್ ಆದ ಮರುದಿನವೇ ನಿಂತಂತೆ ಕಂಡವು. ಇದಕ್ಕೆ ಪರಿಹಾರವೆಂದು ಎಸ್‌ಎಂಬಿ 1 (ನೆಟ್‌ವರ್ಕ್‌ನಲ್ಲಿ ಫೈಲು ಹಂಚಿಕೊಳ್ಳುವ ವಿಧಾನದ ಹಳೆಯ ಆವೃತ್ತಿ) ಅನ್ನು ಮತ್ತೆ ಆನ್ ಮಾಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದು ಅದೇ ಹಳೆಯ ಎಸ್‌ಎಂಬಿಯ ದೌರ್ಬಲ್ಯದಿಂದ. ನ್ಯಾಸ್‌ನ ಫರ್ಮ್‌ವೇರ್ (ಅದರೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಎಸ್‌ಎಂಬಿ 2 ಅಥವಾ 3 ಆನ್ ಮಾಡಿ, ಪಾಸ್‌ವರ್ಡ್ ಇರುವ ಖಾತೆ ಬಳಸಿ.

ಸಂಖ್ಯೆ 53 ಆಗಿದ್ದು, ಕೆಲವು ದಿನ ಮಾತ್ರ ಬರುತ್ತಿದ್ದರೆ, ಕರೆಂಟನ್ನು ನೆನಪಿಸಿಕೊಳ್ಳಿ. ಬೇಸಿಗೆಯ ಗಾಳಿಮಳೆಗೆ ಕರೆಂಟ್ ಹೋಗಿ ಬರುವ ನಮ್ಮ ಕಡೆ ಕಂಪ್ಯೂಟರ್‌ಗೆ ಯುಪಿಎಸ್ ಇರುತ್ತದೆ, ಆದರೆ ನ್ಯಾಸ್ ಮತ್ತು ರೂಟರ್ ನೇರವಾಗಿ ಗೋಡೆಯ ಪ್ಲಗ್ಗಿನಲ್ಲಿರುತ್ತವೆ. ಅವು ಆರಿ ಹತ್ತಿದಾಗ ರೂಟರ್ ನ್ಯಾಸ್‌ಗೆ ಬೇರೆ ಐಪಿ ವಿಳಾಸ ಕೊಟ್ಟರೆ ಬ್ಯಾಕಪ್ ಹಳೆಯ ವಿಳಾಸದಲ್ಲೇ ಹುಡುಕುತ್ತದೆ. ರೂಟರ್‌ನಲ್ಲಿ ನ್ಯಾಸ್‌ಗೆ ವಿಳಾಸವನ್ನು ಕಾಯ್ದಿರಿಸಿ, ಎರಡನ್ನೂ ಯುಪಿಎಸ್‌ಗೆ ಜೋಡಿಸಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತ ವ್ಯವಸ್ಥೆ ಹಾಳಾಗುವ ಅಪಾಯವೂ ಹೀಗೆ ಕಡಿಮೆಯಾಗುತ್ತದೆ.

ಬ್ಯಾಕಪ್ ಆರಂಭವಾಗಿ ನಡುವೆ ನಿಲ್ಲುವುದಾದರೆ ವಿಷಯ ಬೇರೆ. ಚಿತ್ರದುರ್ಗದ ಒಂದು ಮುದ್ರಣಾಲಯದಲ್ಲಿ ಇಂಥದ್ದೇ ದೂರನ್ನು ಎರಡು ದಿನ ಹುಡುಕಿದೆ. ಸೆಟ್ಟಿಂಗ್ ಎಲ್ಲ ಸರಿಯಿತ್ತು. ಕೊನೆಗೆ ಮೇಜಿನ ಹಿಂದೆ ಇಲಿ ಕಡಿದ ಕೇಬಲ್ ಸಿಕ್ಕಿತು. ಎಂಟು ತಂತಿಗಳಲ್ಲಿ ಒಂದೆರಡು ತುಂಡಾದ್ದರಿಂದ ಗಿಗಾಬಿಟ್ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿತ್ತು. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್‌ನಂತೆ 400 ಗಿಗಾಬೈಟ್ ಒಂದು ಗಂಟೆಯಲ್ಲಿ ಮುಗಿಯುತ್ತದೆ. 100 ಮೆಗಾಬಿಟ್‌ನಲ್ಲಿ ಅದಕ್ಕೇ ಹತ್ತು ಗಂಟೆ ಬೇಕು. ಬೆಳಿಗ್ಗೆ ಕೆಲಸದವರು ಬಂದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದಾಗ ಅದು ಅರ್ಧಕ್ಕೆ ನಿಲ್ಲುತ್ತಿತ್ತು. ಹಗಲು ನೀವು ಕಾಪಿ ಮಾಡಿ ನೋಡಿದ್ದು ನಾಲ್ಕಾರು ಸಣ್ಣ ಫೈಲುಗಳಾದರೆ ಈ ದೋಷ ಅಲ್ಲಿ ಕಾಣುವುದೇ ಇಲ್ಲ. ಈಥರ್ನೆಟ್ ಸ್ಟೇಟಸ್‌ನಲ್ಲಿ ವೇಗ 1.0 ಜಿಬಿಪಿಎಸ್ ಇದೆಯೇ ನೋಡಿ, ಕಂಪ್ಯೂಟರ್ ರಾತ್ರಿ ಸ್ಲೀಪ್‌ಗೆ ಹೋಗದಂತೆಯೂ ಮಾಡಿ.

ಸರಿಹೋದ ಮೇಲೆ ‘ಸಕ್ಸೆಸ್’ ಎಂಬ ಹಸಿರು ಗುರುತಿಗೆ ನಿಲ್ಲಬೇಡಿ. ಬ್ಯಾಕಪ್‌ನಿಂದ ಒಂದು ಕಂಪನಿಯ ಟ್ಯಾಲಿ ಡೇಟಾವನ್ನು ಬೇರೆ ಫೋಲ್ಡರ್‌ಗೆ ಮರಳಿ ತೆಗೆದು, ಅದರಲ್ಲಿ ನಿನ್ನೆಯ ವೋಚರ್ ಕಾಣುತ್ತದೆಯೇ ಎಂದು ತೆರೆದು ನೋಡಿ. ಅಷ್ಟಾದರೂ ರಾತ್ರಿ ವಿಫಲವಾದರೆ ಲಾಗ್‌ನ ಕೊನೆಯ ಹತ್ತು ಸಾಲುಗಳನ್ನು, ಕಕ್ಷಿದಾರರ ಹೆಸರುಗಳನ್ನು ಅಳಿಸಿ, ಇಲ್ಲಿಯೇ ಹಾಕಿರಿ. ಅದು ಆರಂಭದಲ್ಲೇ ನಿಂತಿತೋ ನಡುವೆ ನಿಂತಿತೋ ಎಂಬುದನ್ನೂ ತಿಳಿಸಿದರೆ ಮುಂದಿನದನ್ನು ನೋಡೋಣ.