ಉತ್ತರ: ಪಲ್ಪರ್ ಸ್ಟ್ಯಾಂಡ್ ಅಸೆಂಬ್ಲಿ ಫೆಮ್‌ನಲ್ಲಿ ಲೇಬಲ್ ಕಾನ್‌ಫ್ಲಿಕ್ಟ್, ಆಮೇಲೆ ಪಿವಟ್ ರೇಶಿಯೋ ಎರರ್

ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಮಷೀನು) ಕೂರಿಸೋ ನಾಲ್ಕು ಕಾಲಿನ ಸ್ಟ್ಯಾಂಡಿನ ಬಲ ಎನ್‌ಎಕ್ಸ್ ಸಾಫ್ಟ್‌ವೇರಲ್ಲಿ ಲೆಕ್ಕ ಹಾಕಕ್ಕೆ ಹೋದ್ರೆ ಮೊದ್ಲು ಲೇಬಲ್ ಕಾನ್‌ಫ್ಲಿಕ್ಟ್ (ಒಂದೇ ನಂಬರ್ ಎರಡು ಕಡೆ ಬರೋದು), ಆಮೇಲೆ ಪಿವಟ್ ರೇಶಿಯೋ ಎರರ್ ಬರ್ತಿದೆ ಅಂತ ಕೇಳಿದೀರಿ. ಇವು ಎರಡು ಬೇರೆ ಬೇರೆ ತೊಂದರೆ. ಕಾಲಿನ ಫೆಮ್ (ಮೆಶ್, ಅಂದ್ರೆ ಸಣ್ಣ ತುಂಡುಗಳ ಬಲೆ, ಇರೋ ಫೈಲು) ಒಂದನ್ನೇ ನಾಲ್ಕು ಸಲ ಹಾಕಿದೀರಲ್ಲ, ನಾಲ್ಕರಲ್ಲೂ ನೋಡ್ (ಬಲೆಯ ಗಂಟು) ನಂಬರ್ 1ರಿಂದಲೇ ಶುರು, ಅದಕ್ಕೇ ಎನ್‌ಎಕ್ಸ್ ಒಪ್ತಿಲ್ಲ.

ಮೊದ್ಲು ಎಲ್ಲಾ ಭಾಗ ಸೇರಿಸಿರೋ ಅಸೆಂಬ್ಲಿ ಫೆಮ್ ಫೈಲ್ ಆಕ್ಟಿವ್ ಮಾಡ್ಕೊಂಡು ಅಸೆಂಬ್ಲಿ ಲೇಬಲ್ ಮ್ಯಾನೇಜರ್ ತೆಗೀರಿ, ಅದರಲ್ಲಿ ಆಟೋಮ್ಯಾಟಿಕ್ ರಿಸಾಲ್ವ್ ಕೊಟ್ರೆ ಪ್ರತಿ ಕಾಲಿಗೂ ಬೇರೆ ಆಫ್‌ಸೆಟ್ (ನಂಬರಿಗೆ ಕೂಡಿಸೋ ಅಂಕಿ) ಬೀಳತ್ತೆ. ಕಾಲಿನ ಮೆಶ್ ಚಿಕ್ಕದಿದ್ರೆ ನಾನು ಕೈಯಾರೆ 10000, 20000, 30000 ಅಂತ ಕೊಡ್ತೀನಿ, ರಿಸಲ್ಟಲ್ಲಿ ನಂಬರ್ ನೋಡಿದ ತಕ್ಷಣ ಯಾವ ಕಾಲು ಅಂತ ಗೊತ್ತಾಗತ್ತೆ.

ಪಿವಟ್ ಎರರ್ ಸಾಮಾನ್ಯವಾಗಿ ಯಾವ್ದೋ ಭಾಗ ಹಿಡಿತ ಇಲ್ದೆ ಸಡಿಲ ಇದ್ರೆ ಬರತ್ತೆ. ನಿಮ್ಮ ಫೈಲ್ ನೋಡ್ದೆ ಖಚಿತ ಹೇಳಕ್ಕಾಗಲ್ಲ, ಆದ್ರೆ ಬಹುಶಃ ಕಾಲು ಮೇಲಿನ ಪ್ಲೇಟಿಗೆ ಅಂಟೇ ಇಲ್ಲ. ಪಕ್ಕಪಕ್ಕ ಕೂತ ಮಾತ್ರಕ್ಕೆ ಮೆಶ್ ಸೇರ್ಕೊಳ್ಳಲ್ಲ, ಸಿಮ್ ಫೈಲಲ್ಲಿ (ಲೋಡು, ಆಧಾರ ಕೊಡೋ ಫೈಲು) ಸರ್ಫೇಸ್ ಟು ಸರ್ಫೇಸ್ ಗ್ಲೂ, ಅಂದ್ರೆ ಎರಡು ಮೇಲ್ಮೈ ಅಂಟಿಸೋ ಆಯ್ಕೆ, ಹಾಕ್ಬೇಕು. ಗೋಣಿಕೊಪ್ಪದ ಒಂದು ವರ್ಕ್‌ಶಾಪಿಗೆ ಮಾಡಿದ ಸ್ಟ್ಯಾಂಡಲ್ಲಿ ನಂಗೆ ಗ್ಲೂ ಹಾಕಿದ್ರೂ ಹಿಡೀಲಿಲ್ಲ, ಯಾಕಂದ್ರೆ 6 ಎಂಎಂ ಪ್ಲೇಟು, ಅದಕ್ಕೆ ಮಲಗಿಸಿ ವೆಲ್ಡ್ ಮಾಡಿರೋ 3 ಎಂಎಂ ಆಂಗಲ್ಲು, ಎರಡಕ್ಕೂ ಮಿಡ್‌ಸರ್ಫೇಸ್ (ದಪ್ಪದ ನಟ್ಟನಡುವಿನ ಹಾಳೆ) ತೆಗೆದ್ಮೇಲೆ ಮಧ್ಯೆ 4.5 ಎಂಎಂ ಗ್ಯಾಪ್ ಉಳಿದಿತ್ತು, ಸರ್ಚ್ ಡಿಸ್ಟೆನ್ಸ್ (ಗ್ಲೂ ಎಷ್ಟು ದೂರದವರೆಗೆ ಹುಡುಕ್ಬೇಕು ಅನ್ನೋದು) ಅದಕ್ಕಿಂತ ಕಮ್ಮಿ ಇತ್ತು. 5 ಮಾಡಿದ್ಮೇಲೆ ಹಿಡೀತು.

ಬೇಲ್‌ಔಟ್ ಪ್ಯಾರಾಮೀಟರ್ (ಎರರ್ ಇದ್ರೂ ಲೆಕ್ಕ ಮುಂದುವರಿಸೋ ಸೆಟ್ಟಿಂಗು) ಹಾಕಿ ಎರರ್ ದಾಟಿಸಕ್ಕೆ ಹೋಗ್ಬೇಡಿ, ಕುಯ್ಲಿನ ಟೈಮಲ್ಲಿ ಇಡೀ ದಿನ ಅದುರೋ ಮಷೀನು ಅದು, ತಪ್ಪು ಸ್ಟ್ರೆಸ್ ನಂಬ್ಕೊಂಡು ಸ್ಟ್ಯಾಂಡ್ ಮಾಡ್ಸಿದ್ರೆ ಪಕ್ಕ ನಿಂತಿರೋರಿಗೇ ಅಪಾಯ.

ಚೆಕ್ ಮಾಡಕ್ಕೆ ಕನ್‌ಸ್ಟ್ರೇಂಟ್ (ಸ್ಟ್ಯಾಂಡನ್ನ ನೆಲಕ್ಕೆ ಹಿಡಿದಿಡೋ ಆಧಾರ) ಎಲ್ಲಾ ತೆಗೆದು, ಅದುರೋ ರೀತಿ ಲೆಕ್ಕ ಹಾಕೋ ಸೊಲ್ಯೂಷನ್ 103ರಲ್ಲಿ 20 ಮೋಡ್ (ಅದುರೋ ರೀತಿಗಳು) ಕೇಳಿ. ಫ್ರೀಕ್ವೆನ್ಸಿ ಸೊನ್ನೆ ಹತ್ರ ಇರೋವು 6 ಮಾತ್ರ ಬರ್ಬೇಕು, ಬಿಡಿಯಾಗಿರೋ ಒಂದು ವಸ್ತು ಚಲಿಸೋ, ತಿರುಗೋ ಆರು ರೀತಿ ಅವು. 12 ಬಂದ್ರೆ ಒಂದು ಕಾಲು ಬಿಟ್ಕೊಂಡಿದೆ ಅಂತರ್ಥ, ಅನಿಮೇಷನ್ ಓಡ್ಸಿ, ಯಾವ್ದು ಅಂತ ಕಣ್ಣಿಗೇ ಕಾಣತ್ತೆ.